ಭಾಗವ್ವನನ್ನು ಎತ್ತಂಗಡಿ ಮಾಡಿದ ವರ್ಷ

ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹೋದ ತಿಂಗಳು ಪುಣೆಯ ಸದಾಶಿವ ಪೇಠೆಯಲ್ಲಿ ನಮ್ಮ ಮನೆಯ ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಕೋಚಿಂಗ್ ಕ್ಲಾಸಿನ ಹುಡುಗಿಯೊಬ್ಬಳು ಯಾವುದೋ ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಹಾಕಿಸುತ್ತಿದ್ದಳು. ಯಂತ್ರದಿಂದ ಹಾಳೆ ಹೊರಗೆ ಬಂದದ್ದೇ ತಡ, ಆ ವಾಸನೆ ಅಂಗಡಿ ತುಂಬಿತು, ಮೂರು ವರ್ಷದ ಹಿಂದಿನದೆಲ್ಲ ನೆನಪಾಗಿ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದೆ. ಅಂಗಡಿಯವನು ಏನಾಯಿತು ಕಾಕು ಎಂದು ಮರಾಠಿಯಲ್ಲಿ ಕೇಳಿದ. ಏನಿಲ್ಲ ಎಂದು ಹೇಳಿ, ಬಂದ ಕೆಲಸ ಬಿಟ್ಟು ಮನೆಗೆ ಬಂದೆ.

ಆ ವರ್ಷ ನನ್ನ ಹೆಗಲ ಚೀಲದಲ್ಲಿ ಲ್ಯಾಮಿನೇಶನ್ ಹಾಕಿದ ಐದು ಕಾರ್ಡುಗಳು ಇರುತ್ತಿದ್ದವು. ಚಿಕ್ಕಂದಿನಲ್ಲಿ ಕಷ್ಟ ಕಂಡ ಮಕ್ಕಳ ಮೆದುಳಿಗೆ ಏನಾಗುತ್ತದೆ, ಅದನ್ನು ತಡೆಯಲು ದೊಡ್ಡವರು ಏನು ಮಾಡಬೇಕು ಎಂದು ತಿಳಿಸುವ ಕಾರ್ಡುಗಳು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳು ನಾನು. ಲ್ಯಾಮಿನೇಶನ್ ಮಾಡಿಸಿದವಳೂ ನಾನೇ, ಇದೇ ಅಂಗಡಿಯಲ್ಲಿ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು ಮೂವತ್ತು ವರ್ಷ ಕಳೆಯಿತು. ನಿಗಡಿಯ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿ, ಮೊಣಕಾಲು ಹಟ ಹಿಡಿದ ಮೇಲೆ ನೌಕರಿ ಬಿಟ್ಟು ಮನೆಯಲ್ಲಿ ಕೂತಿದ್ದೆ. ಆಗ ಒಂದು ಸಂಸ್ಥೆಯವರು ಕರೆದರು. ರಾಂಜಣಗಾಂವದ ಕಾರ್ಖಾನೆಗಳಲ್ಲಿ ಗುತ್ತಿಗೆ ಕೆಲಸ ಮಾಡುವ ಹೆಂಗಸರ ಮಕ್ಕಳಿಗಾಗಿ ನಾಲ್ಕು ಶಿಶುಕೇಂದ್ರ ತೆರೆದಿದ್ದರು. ಆ ಹೆಂಗಸರಲ್ಲಿ ಕಲಬುರಗಿ, ಯಾದಗಿರಿ ಕಡೆಯವರು ಬಹಳ. ಮರಾಠಿ ಕನ್ನಡ ಎರಡೂ ಬರುವ, ಮಕ್ಕಳ ನಡುವೆ ಪಳಗಿದ ಒಬ್ಬ ಮೇಲ್ವಿಚಾರಕಿ ಬೇಕಾಗಿತ್ತು. ಮೊಣಕಾಲಿನ ಸಂಗತಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಸ್ಥೆಯ ಮುಖ್ಯಸ್ಥೆಯನ್ನು ಎಲ್ಲರೂ ಡಾಕ್ಟರ್ ಮೇಡಮ್ ಎನ್ನುತ್ತಿದ್ದರು. ಮೆದುಳಿನ ಸಂಶೋಧನೆ ಮಾಡಿಕೊಂಡು ಬಹಳ ವರ್ಷ ಪರದೇಶದಲ್ಲಿದ್ದು ಬಂದವರು. ಮೊದಲ ದಿನ ಅವರು ನಮಗೆ ತೋರಿಸಿದ ಚಿತ್ರಗಳು ಇನ್ನೂ ಕಣ್ಣಿಗೆ ಕಟ್ಟಿವೆ. ಹೆದರಿಕೆಯಲ್ಲೇ ಬೆಳೆದ ಕೂಸಿನ ಮೈಯಲ್ಲಿ ಎಚ್ಚರಿಕೆಯ ಗಂಟೆ ನಿಲ್ಲುವುದೇ ಇಲ್ಲವಂತೆ. ದಿನಾ ಹೊಡೆದುಕೊಳ್ಳುವ ಆ ಗಂಟೆ ಮೆದುಳು ಬೆಳೆಯುವ ರೀತಿಯನ್ನೇ ಬದಲಿಸುತ್ತದಂತೆ. ಆದರೆ ಎಷ್ಟೇ ಕಷ್ಟವಿರಲಿ, ದಿನಾ ಬರುವ, ಬದಲಾಗದ ಒಬ್ಬರು ದೊಡ್ಡವರು ಪಕ್ಕದಲ್ಲಿದ್ದರೆ ಮಗು ಆ ಪೆಟ್ಟನ್ನು ತಡೆದುಕೊಳ್ಳಬಲ್ಲದು ಎಂದು ಅವರು ಹೇಳಿದಾಗ ನಾನು ಅತ್ತುಬಿಟ್ಟೆ. ನಮ್ಮ ಅಪ್ಪ ಕೈ ಎತ್ತುತ್ತಿದ್ದ ಮನುಷ್ಯ. ನನಗೆ ಗಂಗತ್ತೆ ಇದ್ದಳು, ಅಪ್ಪನ ಅಕ್ಕ, ಬೋಳು ತಲೆಯ ವಿಧವೆ. ಮನೆಯಲ್ಲಿ ಏನೇ ನಡೆದರೂ ಬೆಳಿಗ್ಗೆ ನನ್ನ ಹೆರಳು ಹಾಕುವವಳು ಅವಳೇ. ಐವತ್ತು ದಾಟಿದ ಮೇಲೆ ಆ ದಿನ ನನಗೆ ಗೊತ್ತಾಯಿತು, ನಾನು ಹೇಗೆ ಉಳಿದೆ ಎಂದು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ್ದನ್ನು ತಿಳಿಯದೆ ಮಾಡಿದೆ ಎನ್ನಲು ನನಗೆ ಬಾಯಿಲ್ಲ. ಎರಡನೆಯ ಕಾರ್ಡು ಅದೇ ಮಾತಿನದು. ‘ದಿನಾ ಬರುವ, ಬದಲಾಗದ ಒಬ್ಬರಾದರೂ ದೊಡ್ಡವರು ಪ್ರತಿ ಮಗುವಿಗೆ ಇರಲಿ.’ ಈ ವಾಕ್ಯವನ್ನು ನಾಲ್ಕು ಸಲ ತಿದ್ದಿ ಬರೆದೆ. ಬರೆದು ಮುಗಿಸಿ ಹೆಮ್ಮೆಪಟ್ಟೆ.

ಜೂನ್ ತಿಂಗಳಲ್ಲಿ ಕೆಲಸ ಶುರುವಾಯಿತು. ಪುಣೆಯಲ್ಲಿ ಮಳೆ ಹೊಡೆಯುತ್ತಿದ್ದರೆ ಹೆದ್ದಾರಿ ಹಿಡಿದು ಶಿಕ್ರಾಪುರ ದಾಟುವ ಹೊತ್ತಿಗೆ ಅದು ಬರೀ ಗಾಳಿಯಾಗುತ್ತಿತ್ತು. ರಾಂಜಣಗಾಂವದಲ್ಲಿ ಆಗೊಮ್ಮೆ ಈಗೊಮ್ಮೆ ತುಂತುರು, ಉಳಿದಂತೆ ಲಾರಿಗಳ ಧೂಳು. ಸಂಕಷ್ಟಿ ಬಂತೆಂದರೆ ಗಣಪತಿ ಗುಡಿಗೆ ಹೋಗುವ ಗಾಡಿಗಳ ನಡುವೆ ನಮ್ಮ ಜೀಪು ಸಿಕ್ಕಿಬಿದ್ದು ಅರ್ಧ ದಿನ ಹಾಳು. ನಮ್ಮ ಮೊದಲ ಕೇಂದ್ರ ತಗಡಿನ ಸೂರಿನ ಸಾಲುಮನೆಗಳ ಚಾಳಿನ ತುದಿಯಲ್ಲಿತ್ತು. ಎರಡು ಖೋಲಿ, ಒಂದು ಬಚ್ಚಲು, ಇಪ್ಪತ್ತೆರಡು ಮಕ್ಕಳು, ಮತ್ತು ಭಾಗವ್ವ.

ಭಾಗವ್ವ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ, ಜತ್ತ ಕಡೆಯವಳು. ಸಾಂಗ್ಲಿ ಜಿಲ್ಲೆಯಾದರೂ ಮನೆಮಾತು ಕನ್ನಡ. ಕಬ್ಬು ಕಡಿಯಲು ಊರೂರು ತಿರುಗಿ, ಗಂಡ ತೀರಿದ ಮೇಲೆ ತಮ್ಮನ ಜೊತೆ ಇಲ್ಲಿಗೆ ಬಂದವಳು. ತರಬೇತಿಯಲ್ಲಿ ಅವಳದು ಕೊನೆಯ ಸಾಲು. ಮೆದುಳಿನ ಚಿತ್ರ ತೋರಿಸಿದಾಗ ಕಾಲಿಫ್ಲಾವರ್ ಗಡ್ಡೆಯ ಹಾಗಿದೆಯಲ್ಲ ಎಂದು ಪಕ್ಕದವಳಿಗೆ ಹೇಳಿ ಎಲ್ಲರನ್ನೂ ನಗಿಸಿದಳು. ಆಮೇಲೆ ಗೋಡೆಗೆ ಆನಿಕೊಂಡು ನಿದ್ದೆ ಮಾಡಿದಳು. ಇವಳನ್ನು ತೆಗೆಯಬೇಕಾದೀತು ಎಂದು ನಾನು ಡೈರಿಯಲ್ಲಿ ಬರೆದುಕೊಂಡೆ. ನನ್ನ ತಿಳಿವಳಿಕೆಯ ಉದ್ದಗಲ ಅಷ್ಟು.

ಜುಲೈನಲ್ಲಿ ನಿಂಗಿ ಬಂದಳು. ನಾಲ್ಕು ವರ್ಷದ ಹುಡುಗಿ, ತಾಯಿ ಶರಣಮ್ಮ ಯಾದಗಿರಿಯವಳು, ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಹೊಸ ಮಗು ಬಂದರೆ ತಾಯಿಗೆ ಕೇಳಲು ನಮ್ಮಲ್ಲಿ ಒಂದು ಪ್ರಶ್ನೆಗಳ ಹಾಳೆ ಇತ್ತು. ಮನೆಯಲ್ಲಿ ಹೊಡೆತವಿದೆಯೇ, ಕುಡಿತವಿದೆಯೇ, ಮಗು ಒಂಟಿಯಾಗಿ ಉಳಿಯುತ್ತದೆಯೇ, ಹೀಗೆ. ಶರಣಮ್ಮ ಒಂದನ್ನೂ ಮುಚ್ಚಿಡಲಿಲ್ಲ. ಗಂಡ ಹೊಡೆಯುತ್ತಿದ್ದ, ನಿಂಗಿ ನೋಡುತ್ತಿದ್ದಳು. ಅವನು ಬಿಟ್ಟುಹೋದ ಮೇಲೆ ನೋಡಿಕೊಳ್ಳುವವರು ಯಾರೂ ಇಲ್ಲದೆ ಮಗುವನ್ನು ಖೋಲಿಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕಿ ಡ್ಯೂಟಿಗೆ ಹೋಗುತ್ತಿದ್ದಳು. ಅದು ಆರೇಳು ತಿಂಗಳು ನಡೆಯಿತು. ಈಗ ನಿಂಗಿ ಮಾತು ಬಿಟ್ಟಿದ್ದಾಳೆ, ಹತ್ತಿರ ಬಂದವರನ್ನು ಕಚ್ಚುತ್ತಾಳೆ. ನಾನು ತಲೆ ಬಗ್ಗಿಸಿ ಗೀಟು ಹಾಕುತ್ತ ಹೋದೆ. ಮುಗಿದ ಮೇಲೆ ಅವಳು ನನ್ನ ಪೆನ್ನನ್ನೇ ನೋಡುತ್ತ ಕೇಳಿದಳು.

“ಇಷ್ಟೆಲ್ಲಾ ಕೇಳಿ ಬರ್ಕೊಂಡ್ರಿ. ಈಗ ಏನ್ ಮಾಡ್ತೀರಿ ಹೇಳ್ರಿ.”

ನಾನು ಚೀಲದಿಂದ ಎರಡನೆಯ ಕಾರ್ಡು ತೆಗೆದು ಓದಿದೆ. ಆಮೇಲೆ ಕಾರ್ಡಿನಲ್ಲಿಲ್ಲದ ಮಾತೊಂದನ್ನು ನನ್ನದೇ ಬಾಯಿಂದ ಸೇರಿಸಿದೆ. “ಇಲ್ಲಿ ನಿನ್ನ ಮಗಳಿಗೆ ದಿನಾ ಒಬ್ಬಾಕಿನ ಇರ್ತಾಳವಾ. ಬದಲಿ ಆಗಂಗಿಲ್ಲ. ಆ ಮಾತು ನಂದು.” ಶರಣಮ್ಮ ಮಗಳ ಕೈಯನ್ನು ಭಾಗವ್ವನ ಕೈಗೆ ಕೊಟ್ಟು ಹೋದಳು. ನಿಂಗಿ ಆ ಕೈಯನ್ನು ಕಚ್ಚಿದಳು.

ಭಾಗವ್ವ ಏನು ಮಾಡಿದಳು ಎಂದು ಆಮೇಲೆ ಬಹಳ ಜನ ನನ್ನನ್ನು ಕೇಳಿದರು. ಏನೂ ಮಾಡಲಿಲ್ಲ. ಹುಡುಗಿಯನ್ನು ಮಾತಾಡಿಸಲು ಹೋಗಲಿಲ್ಲ, ಗೊಂಬೆ ಹಿಡಿದು ಕುಣಿಯಲಿಲ್ಲ. ಅಕ್ಕಿ ಆರಿಸುವಾಗ ಮೊರದ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಹೆರಳು ಹಾಕುತ್ತಿದ್ದಳು. ಅವಳಿಗೊಂದು ರೂಢಿಯಿತ್ತು. ಎದ್ದು ಎಲ್ಲಿಗೆ ಹೋಗುವುದಿದ್ದರೂ ಮಕ್ಕಳಿಗೆ ಹೇಳಿಯೇ ಹೋಗಬೇಕು. ಬಚ್ಚಲಿಗೆ ಹೋಗುವಾಗ, ಕೊಳೆ ನೀರು ಚೆಲ್ಲಲು ಹೋಗುವಾಗ, ಬಾಗಿಲಲ್ಲಿ ಬಂದ ಹಾಲಿನವನ ಹತ್ತಿರ ಹೋಗುವಾಗಲೂ ಹೋಗಿ ಬರ್ತೀನಿ ಎನ್ನುವಳು, ಬಂದ ಮೇಲೆ ಬಂದೆ ನೋಡ್ರಿ ಎನ್ನುವಳು. ದಿನಕ್ಕೆ ನಲವತ್ತು ಸಲ. ಕೇಳಿ ಕೇಳಿ ನನಗೇ ಬೇಸರ ಬರುತ್ತಿತ್ತು. ನಿಂಗಿ ಮಾತ್ರ ಅವಳ ಸೆರಗಿನ ತುದಿ ಹಿಡಿದು ಹಿಂದೆ ಹಿಂದೆ ತಿರುಗುತ್ತಿದ್ದಳು.

ಮಕ್ಕಳ ಜೊಲ್ಲಿನಲ್ಲಿ ಮೈಯ ಒತ್ತಡ ಗೊತ್ತಾಗುತ್ತದಂತೆ. ಅದಕ್ಕಾಗಿ ನಿಗದಿಯಾದ ದಿನಗಳಲ್ಲಿ ಬೆಳಿಗ್ಗೆ ಪ್ರತಿ ಮಗುವಿನ ಬಾಯಿಗೆ ಹತ್ತಿಯ ಸುರುಳಿ ಇಟ್ಟು, ನೆಂದ ಮೇಲೆ ಕೊಳವೆಗೆ ಹಾಕಿ ಪುಣೆಗೆ ಕಳಿಸಬೇಕು. ಉಳಿದ ಮೂರು ಕೇಂದ್ರಗಳಲ್ಲಿ ಅದೊಂದು ಕುಸ್ತಿ. ಭಾಗವ್ವ ಮೊದಲು ತನ್ನ ಬಾಯಿಗೊಂದು ಸುರುಳಿ ಇಟ್ಟುಕೊಂಡು ದನದ ಹಾಗೆ ಮೆಲುಕು ಹಾಕುತ್ತಿದ್ದಳು. ಮಕ್ಕಳೆಲ್ಲ ಸಾಲಾಗಿ ಕೂತು ಮೆಲುಕು ಹಾಕುತ್ತಿದ್ದವು.

ದಸರೆ ಮುಗಿದ ವಾರ ನಾನು ಕೇಂದ್ರದಲ್ಲೇ ಇದ್ದೆ. ಭಾಗವ್ವ ಎಂದಿನಂತೆ ಹೇಳಿ ನೀರಿಗೆ ಹೋದಳು. ನಳದ ಹತ್ತಿರ ಪಾಳಿ ಉದ್ದವಿತ್ತೇನೋ, ಬಹಳ ಹೊತ್ತಾದರೂ ಬರಲಿಲ್ಲ. ನಿಂಗಿ ಬಾಗಿಲಲ್ಲಿ ನಿಂತವಳು ಅಲ್ಲಾಡಲಿಲ್ಲ. ಕೊಡ ಹೊತ್ತುಕೊಂಡು ಭಾಗವ್ವ ಬಂದಳು. ನಾಲ್ಕು ತಿಂಗಳು ಒಂದು ಶಬ್ದ ಆಡದ ಹುಡುಗಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳಿದಳು.

“ತಡಾ ಮಾಡ್ದಿ.”

ಭಾಗವ್ವ ಕೊಡ ಇಳಿಸಿ ಎರಡೂ ಕಿವಿ ಹಿಡಿದುಕೊಂಡಳು. “ಹೂನವ್ವಾ, ತಡಾ ಆತು. ತಪ್ಪಾತು.”

ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ. ಆ ಸಂತೋಷ ಈಗಲೂ ಹಾಗೇ ಇದೆ, ಅದನ್ನು ಯಾರೂ ಕಸಿಯಲಾರರು. ಸಂಜೆ ಶರಣಮ್ಮ ಬಂದಾಗ ಮಗಳು ಅವಳನ್ನೂ ಬೈದಳು. ಶರಣಮ್ಮ ಆ ಬೈಗುಳವನ್ನು ಚಾಳಿನ ಎಲ್ಲ ಮನೆಗಳಿಗೂ ಹೇಳಿಕೊಂಡು ಬಂದಳು.

ಡಿಸೆಂಬರಿನಲ್ಲಿ ಪುಣೆಯ ಆಫೀಸಿನಲ್ಲಿ ಮೀಟಿಂಗು. ಲೆಕ್ಕಪಟ್ಟಿ ನೋಡುವವನು ಚೇತನ್, ತುಮಕೂರಿನ ಹುಡುಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಸಮಾಜಕ್ಕೆ ಏನಾದರೂ ಮಾಡಬೇಕೆಂದು ಬಂದವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಮಕ್ಕಳ ಸುಧಾರಣೆ ಅಳೆದು ಕೇಂದ್ರಕ್ಕೊಂದರಂತೆ ಎಳೆದ ನಾಲ್ಕು ಗೆರೆಗಳನ್ನು ಗೋಡೆಯ ಮೇಲೆ ತೋರಿಸಿದ. ಮೂರು ಒಟ್ಟೊಟ್ಟಿಗೆ ಇದ್ದವು, ನಾಲ್ಕನೆಯದು ಬೇರೆಯಾಗಿ ಮೇಲಕ್ಕೆ ಹೊರಟಿತ್ತು. ಅದು ಭಾಗವ್ವನ ಕೇಂದ್ರ. ಶಾಭಾಸ್ ಎನ್ನುತ್ತಾರೆಂದು ಕಾದೆ.

“ಮೇಡಮ್, ಆ ಒಂದ್ ಸೆಂಟರ್ ಮಾತ್ರ ತುಂಬಾ ಚೆನ್ನಾಗ್ ಬರ್ತಾ ಇದೆ. ಅದೇ ಪ್ರಾಬ್ಲಮ್,” ಅಂದ ಚೇತನ್. “ಇದು ನಮ್ ಟ್ರೇನಿಂಗಿಂದ ಆಗಿದ್ದಾ, ಆ ಆಂಟಿಯಿಂದ ಆಗಿದ್ದಾ ಅಂತ ಗೊತ್ತಾಗ್ಬೇಕಲ್ಲ.”

ಡಾಕ್ಟರ್ ಮೇಡಮ್ ತಲೆಯಾಡಿಸಿದರು. ಸರ್ಕಾರ ಈ ಯೋಜನೆಯನ್ನು ಎಲ್ಲ ಜಿಲ್ಲೆಗಳಿಗೂ ಒಯ್ಯುವ ವಿಚಾರದಲ್ಲಿದೆ, ತರಬೇತಿಯ ಪುಸ್ತಕವನ್ನು ಜೆರಾಕ್ಸ್ ಮಾಡಿ ಊರೂರಿಗೆ ಕಳಿಸಬಹುದು, ಭಾಗವ್ವನನ್ನು ಜೆರಾಕ್ಸ್ ಮಾಡಲಾಗುವುದಿಲ್ಲ ಎಂದರು. ನಾಲ್ಕೂ ಕೇಂದ್ರಗಳ ಆಯಾಗಳನ್ನು ಅದಲುಬದಲು ಮಾಡುವುದು, ಗೆರೆಗಳು ಹಾಗೇ ಉಳಿದರೆ ಕೆಲಸ ಮಾಡುತ್ತಿರುವುದು ನಮ್ಮ ಪದ್ಧತಿ ಎಂದು ಸಾಬೀತಾಗುತ್ತದೆ ಎಂಬುದು ಅವರ ವಿಚಾರ. ಎರಡನೆಯ ಕಾರ್ಡಿನಲ್ಲಿ ನಾವೇ ಏನು ಬರೆದಿದ್ದೇವೆ ಎಂದು ನಾನು ಕೇಳಿದೆ. ಅವರು ಸಿಟ್ಟಾಗಲಿಲ್ಲ. ಬಹಳ ಮೃದುವಾಗಿ, ಕೇಂದ್ರದಲ್ಲಿ ಮಗುವಿಗೆ ಬೇಕಾದದ್ದು ಒಂದು ಪಾತ್ರ, ಒಬ್ಬ ವ್ಯಕ್ತಿ ಅಲ್ಲ ಎಂದು ತಿಳಿಸಿ ಹೇಳಿದರು. ಆ ವಾಕ್ಯವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯುವಾಗ ಕೂಡ ಅಷ್ಟು ಸಭ್ಯವಾಗಿ ಮೇಯಬಹುದೆಂದು ನನಗೆ ಗೊತ್ತಿರಲಿಲ್ಲ.

ನಾನು ಯಾಕೆ ಸುಮ್ಮನಾದೆ? ಅದೇ ಮೀಟಿಂಗಿನಲ್ಲಿ ಅವರು ವರದಿಯಲ್ಲಿ ನನ್ನ ಹೆಸರೂ ಬರುತ್ತದೆ ಎಂದಿದ್ದರು, ಡಾಕ್ಟರುಗಳ ಹೆಸರಿನ ಜೊತೆಗೆ. ಜೀವನವಿಡೀ ಅ ಆ ಇ ಈ ತಿದ್ದಿಸಿದವಳಿಗೆ ಅದು ಸಣ್ಣ ಮಾತಲ್ಲ. ವರ್ಗಾವಣೆಯ ಆದೇಶದ ಕೆಳಗೆ ಮೇಲ್ವಿಚಾರಕಿಯ ಸಹಿ ಬೇಕಿತ್ತು. ಹಾಕಿದೆ.

ಆದೇಶದ ಜೊತೆಗೊಂದು ಸೂಚನೆಯ ಹಾಳೆ. ಬೀಳ್ಕೊಡುವ ಕಾರ್ಯಕ್ರಮ ಬೇಡ. ಮಕ್ಕಳಿಗೆ ಮುಂಚಿತವಾಗಿ ತಿಳಿಸಬಾರದು. ಅತ್ತರೆ ಆ ವಾರದ ಜೊಲ್ಲಿನ ಮಾದರಿ ಕೆಡುತ್ತದೆ. ಆದ್ದರಿಂದ ಆಯಾ ಮಕ್ಕಳು ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಹೊರಡಬೇಕು. ಇದನ್ನೂ ನಾನೇ ಕನ್ನಡಕ್ಕೆ ತಂದೆ. ಒಳ್ಳೆಯ ಕನ್ನಡ, ಒಂದು ತಪ್ಪಿಲ್ಲ.

ಸಂಕ್ರಾಂತಿಯ ಮಾರನೆಯ ದಿನ. ಬಯಲಿನ ಚಳಿ ಹಗಲಿಗೂ ಬಿಟ್ಟಿರಲಿಲ್ಲ. ಮಕ್ಕಳು ಉಂಡು ಮಲಗಿದ್ದವು, ನಿಂಗಿಯ ಮುಷ್ಟಿಯಲ್ಲಿ ಹಿಂದಿನ ದಿನದ ಎಳ್ಳುಂಡೆಯ ಚೂರೊಂದಿತ್ತು. ಭಾಗವ್ವನನ್ನು ಹೊರಗೆ ಕರೆದು ಹಾಳೆ ಓದಿದೆ. ಬೇರೆ ಕೇಂದ್ರಕ್ಕೆ ಹೋಗುವ ಬಗ್ಗೆ ಅವಳಿಗೆ ಎರಡು ದಿನ ಮುಂಚೆ ಹೇಳಿದ್ದೆ, ತಕರಾರು ಮಾಡಿರಲಿಲ್ಲ. ಬಡವರ ನೌಕರಿಯಲ್ಲಿ ತಕರಾರೆಲ್ಲಿಯದು? ಆದರೆ ಕೊನೆಯ ಸೂಚನೆ ಕೇಳಿ ನನ್ನ ಮುಖ ನೋಡಿದಳು.

“ಹೇಳದ ಹೋಗ್ಲೇನ್ರಿ ಅಕ್ಕಾರ?”

ಹೂಂ ಎಂದೆ. ಮತ್ತೆ ಅದನ್ನೇ ಕೇಳಿದಳು. ಮೂರನೆಯ ಸಲ ಕೇಳಿದಾಗ ನಾನು ರೇಗಿದೆ, ಮೇಲಿನವರ ಆದೇಶ ಎಂದೆ. ಅವಳು ಒಳಗೆ ಹೋಗಿ ತನ್ನ ಚೀಲ ತಂದಳು. “ಹಂಗಾರ ನೀವ ಹೇಳ್ರಿ ಆಕಿಗೆ. ಎದ್ದ ಕೂಡ್ಲೇ ಹೇಳ್ರಿ. ಎಲ್ಲಿ ಹೋಗೇನಿ ಅಂತ ಗೊತ್ತಾಗ್ಲಿ.” ಹೇಳುತ್ತೇನೆ ಎಂದೆ. ಅವಳು ಜೀಪು ಹತ್ತಿದಳು. ಅದೇ ಜೀಪಿನಲ್ಲಿ ನನಗೆ ಪುಣೆಗೆ ವಾಪಸು ಹೋಗುವುದಿತ್ತು. ಉಳಿದರೆ ಮುಂದಿನ ಬಸ್ಸು ಮೂರು ಗಂಟೆಯ ಮೇಲೆ. ಮಕ್ಕಳು ಏಳುವ ಮೊದಲೇ ನಾನೂ ಜೀಪು ಹತ್ತಿದೆ.

ಉಳಿದದ್ದನ್ನು ಹೊಸ ಆಯಾ ಹೇಳಿದಳು. ಅವಳು ಸಾರಿಕಾ, ಒಳ್ಳೆಯ ಹುಡುಗಿ, ತರಬೇತಿಯಲ್ಲಿ ಮೊದಲನೆಯವಳು, ಐದೂ ಕಾರ್ಡು ಬಾಯಿಪಾಠ. ನಿಂಗಿ ಎದ್ದು ಮೊದಲು ಬಚ್ಚಲು ನೋಡಿದಳಂತೆ. ಆಮೇಲೆ ಬಾಗಿಲ ಹಿಂದೆ, ನೀರಿನ ನಳ, ಹಾಲಿನವನು ನಿಲ್ಲುವ ಜಾಗ. ಭಾಗವ್ವ ಹೇಳಿ ಹೋಗುತ್ತಿದ್ದ ಜಾಗಗಳನ್ನೆಲ್ಲ ಒಂದೊಂದಾಗಿ ನೋಡಿ ಬಂದು ಹೊಸ್ತಿಲ ಮೇಲೆ ಕೂತಳು. ಅಳಲಿಲ್ಲ. ಸಂಜೆ ತಾಯಿ ಬರುವತನಕ ಕೂತಿದ್ದಳು. ಮಾರನೆಯ ಬೆಳಿಗ್ಗೆ ಹತ್ತಿಯ ಸುರುಳಿ ಬಾಯಿಗಿಟ್ಟರೆ ಹಲ್ಲು ಕಚ್ಚಿ ಹಿಡಿದಳು, ಇಬ್ಬರು ಸೇರಿ ಬಿಡಿಸಬೇಕಾಯಿತು. ಮಾತು ನಿಂತಿತು. ಅವಳು ಅಳದೇ ಇದ್ದುದರಿಂದ ಮಾದರಿ ಕೆಟ್ಟಿಲ್ಲ ಎಂದು ಆಫೀಸಿನವರಿಗೆ ಸಮಾಧಾನವಾಯಿತು.

ತನ್ನ ವಾರದ ರಜೆಯ ದಿನ ಶರಣಮ್ಮ ನನ್ನನ್ನು ಕಾಯುತ್ತ ಕೇಂದ್ರದ ಮುಂದೆ ನಿಂತಿದ್ದಳು. ಕೂಗಾಡುತ್ತಾಳೆ, ಕೂಗಾಡಲಿ ಎಂದುಕೊಂಡು ಹತ್ತಿರ ಹೋದೆ. ಅವಳ ದನಿ ಏರಲಿಲ್ಲ.

“ನಾ ಕೂಸಿಗಿ ಒಳಗ ಹಾಕಿ ಚಿಲಕ ಹಾಕ್ಕೊಂಡು ಹೋಗ್ತಿದ್ದೆ. ಖರೇ ಅದ. ನೀವು ಅದಕ್ಕ ಗೀಟ ಹಾಕಿ ಬರ್ಕೊಂಡ್ರಿ. ಆದ್ರ ಸಂಜಿಕಿ ನಾನೇ ಬಂದು ತೆಗಿತಿದ್ದೆ. ನೀವು ತೆಗೀಲಾಕ ಬರಲಿಲ್ಲ.”

ನಾನು ಮೇಲಿನವರ ಹೆಸರು ಹೇಳಹೋದೆ. ನೀವು ಕೊಟ್ಟ ಮಾತು ಎಂದು ಅವಳು ಅಷ್ಟೇ ಹೇಳಿ ನಡೆದಳು. ಅವಳ ಮೇಲೆ ನನಗೆ ಸಿಟ್ಟು ಬಂತು ಎಂದರೆ ನಂಬುತ್ತೀರಾ? ತಪ್ಪು ಮಾಡಿದವರಿಗೆ, ಅದನ್ನು ಎತ್ತಿ ತೋರಿಸಿದವರ ಮೇಲೇ ಮೊದಲು ಸಿಟ್ಟು ಬರುತ್ತದೆ. ಆ ಸಿಟ್ಟು ಇಳಿಯಲು ನನಗೆ ತಿಂಗಳು ಹಿಡಿಯಿತು. ಇಳಿದ ಮೇಲೆ, ಅಲ್ಲಿಯವರೆಗೆ ತಪ್ಪಿಸುತ್ತ ಬಂದಿದ್ದ ಭಾಗವ್ವನ ಕೇಂದ್ರಕ್ಕೆ ಯಾರನ್ನೂ ಕೇಳದೆ ಹೋದೆ.

ಅವಳ ಹೊಸ ಕೇಂದ್ರ ಶಿಕ್ರಾಪುರದ ಕಡೆಗೆ. ಮಕ್ಕಳು ಸುತ್ತ ಕೂತಿದ್ದವು, ನಡುವೆ ಅದೇ ಮೊರ. ನನ್ನನ್ನು ಕಂಡದ್ದೇ ನಿಂಗಿ ಉಣ್ಣುತ್ತಾಳೆಯೇ ಎಂದು ಕೇಳಿದಳು. ಉಣ್ಣುತ್ತಾಳೆ, ಮಾತಾಡುವುದಿಲ್ಲ ಎಂದೆ. ಎದ್ದ ಕೂಡಲೇ ಹೇಳಿದಿರಲ್ಲ ಎಂದು ಕೇಳಿದಳು. ನಾನು ನೆಲ ನೋಡಿದೆ. ಅವಳಿಗೆ ಅಷ್ಟು ಸಾಕಾಯಿತು. ಮೇಲಿನವರ ಹತ್ತಿರ ಜಗಳವಾಡಿಯಾದರೂ ನಿನ್ನನ್ನು ವಾಪಸು ಹಾಕಿಸುತ್ತೇನೆ, ಬಾ ಎಂದೆ. ಅವಳು ಅಕ್ಕಿಯಿಂದ ಕೈ ತೆಗೆಯಲಿಲ್ಲ.

“ಬರಾಕ ನನಗ ಮನಸ ಐತ್ರಿ. ಆದ್ರ ಇಲ್ಲಿ ಹದಿನೆಂಟ ಕೂಸು ಅದಾವು. ನನ್ನ ಹಚಿಗೊಂಡಾವು. ಇವಕ್ಕ ಯಾರ ಹೇಳಾವ್ರು? ನೀವ?”

ಆ ‘ನೀವ’ ಎನ್ನುವುದನ್ನು ಅವಳು ವ್ಯಂಗ್ಯಕ್ಕೆ ಹೇಳಲಿಲ್ಲ, ನಿಜವಾಗಿಯೇ ಕೇಳಿದಳು. ಹಾಗಾದರೆ ರಜೆಯ ದಿನ ಒಮ್ಮೆಯಾದರೂ ನಿಂಗಿಯನ್ನು ನೋಡಿ ಬಾ ಎಂದೆ. ಬಂದು ಮತ್ತೆ ಹೊರಟರೆ ಆ ಕೂಸು ಏನು ತಿಳಿದುಕೊಳ್ಳಬೇಕು ಎಂದಳು. ಹೊರಡುವಾಗ ಮಕ್ಕಳಿಗೆ ಹೇಳಿ, ನನ್ನನ್ನು ರಸ್ತೆಯವರೆಗೆ ಬಿಟ್ಟು, ತಿರುಗಿ ನೋಡದೆ ಒಳಗೆ ಹೋದಳು.

ಮಾರ್ಚಿನಲ್ಲಿ ದೊಡ್ಡ ಮೀಟಿಂಗು, ಮುಂಬಯಿಯಿಂದ ಅಧಿಕಾರಿಗಳು ಬಂದಿದ್ದರು. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಏಸಿ ಎಷ್ಟಿತ್ತೆಂದರೆ ನಾನು ಸೆರಗು ಹೊದ್ದು ಕೂತಿದ್ದೆ. ಚೇತನ್ ಗೆರೆಗಳನ್ನು ತೋರಿಸಿದ. ಭಾಗವ್ವ ಬಿಟ್ಟುಬಂದ ಕಡೆ ಇಳಿದಿತ್ತು, ಹೋದ ಕಡೆ ಏರಿತ್ತು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆದ್ದರಿಂದ ಪದ್ಧತಿ ಒಬ್ಬರನ್ನು ನೆಚ್ಚಿಕೊಂಡಿಲ್ಲ ಎಂದು ಡಾಕ್ಟರ್ ಮೇಡಮ್ ವಿವರಿಸಿದರು. ಚೇತನ್ ನನ್ನ ಕಡೆ ನೋಡಲಿಲ್ಲ. ಲೆಕ್ಕ ಬಲ್ಲವನು, ಅವನಿಗೆ ಗೊತ್ತಿತ್ತು.

ನಾನು ಎದ್ದು ನಿಂತೆ. ನಿಂಗಿಯ ಕತೆಯನ್ನು ಮರಾಠಿಯಲ್ಲಿ ಹೇಳಿದೆ, ಚಿಲಕದಿಂದ ಹಿಡಿದು ಹೊಸ್ತಿಲವರೆಗೆ. ನಾನೇ ಸಹಿ ಹಾಕಿದೆ ಎಂದೂ ಹೇಳಿದೆ. ಆಯಾಗಳನ್ನು ಬದಲಿಸಬಾರದು ಎಂಬ ಒಂದು ನಿಯಮ ಬರೆಯಿರಿ, ಉಳಿದದ್ದು ನಿಮ್ಮಿಷ್ಟ ಎಂದೆ. ಒಬ್ಬ ಅಧಿಕಾರಿ ಪೆನ್ನು ತೆಗೆದು ಬರೆದುಕೊಂಡರು. ಡಾಕ್ಟರ್ ಮೇಡಮ್ ತಳಮಟ್ಟದ ಕೆಲಸಗಾರರ ಭಾವನೆಗಳು ಅಮೂಲ್ಯ ಎಂದು ನನಗೆ ಧನ್ಯವಾದ ಹೇಳಿದರು. ಆಮೇಲೆ ಊಟವಿತ್ತು, ಪುರಣಪೋಳಿ ಮಾಡಿಸಿದ್ದರು.

ವರದಿಯಲ್ಲಿ ನಿಂಗಿಯ ಮೌನ ‘ಆರಂಭದ ಹೊಂದಾಣಿಕೆಯ ತೊಂದರೆ’ ಎಂಬ ಮೂರು ಪದವಾಯಿತು. ಕೆಲವು ತಿಂಗಳ ಮೇಲೆ ಬಂದ ಮಾರ್ಗದರ್ಶಿ ಪುಸ್ತಕದಲ್ಲಿ, ಯಾವ ಕೇಂದ್ರವೂ ಒಬ್ಬರನ್ನೇ ಅವಲಂಬಿಸಬಾರದು, ಆಯಾಗಳನ್ನು ವರ್ಷಕ್ಕೊಮ್ಮೆ ಬದಲಿಸುವುದು ಎಂದಿತ್ತು. ಅದೇ ಪುಸ್ತಕದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬದಲಾಗದ ಒಬ್ಬರ ಮಾತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಗಡಿಯ ಕಡೆಯ ಕನ್ನಡದವರಿಗೆಂದು ಮಾಡಿಸಿದ ಅದರ ಕನ್ನಡ ಅನುವಾದದಲ್ಲಿ ನನ್ನ ಹೆಸರಿದೆ. ನೌಕರಿ ಬಿಟ್ಟೆ. ಬಿಟ್ಟದ್ದು ಹೆಸರು ಅಚ್ಚಾದ ಮೇಲೆ. ಆ ಕ್ರಮವನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ.

ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಅದು ಹೇಳಿದ್ದೆಲ್ಲ ಆ ಹೊಸ್ತಿಲ ಮೇಲೆ ಅಕ್ಷರಶಃ ನಿಜವಾಯಿತು. ಅದನ್ನು ಓದಿ, ಅತ್ತು, ಕಾರ್ಡು ಮಾಡಿ, ಹಂಚಿ, ಮತ್ತೆ ಅದರ ತಲೆಯ ಮೇಲೆಯೇ ಕಾಲಿಟ್ಟು ನಡೆದ ನಮ್ಮ ಮೇಲೆ ಸಿಟ್ಟು. ಮೂರು ವರ್ಷವಾದರೂ ಅದು ಆರಿಲ್ಲ, ಆರುವುದು ನನಗೆ ಬೇಕಾಗಿಯೂ ಇಲ್ಲ.

ಜೆರಾಕ್ಸ್ ಅಂಗಡಿಯಿಂದ ಬಂದ ಮಾರನೆಯ ದಿನ ರಾಂಜಣಗಾಂವದ ಬಸ್ಸು ಹತ್ತಿದೆ. ಶರಣಮ್ಮ ಅದೇ ಚಾಳಿನಲ್ಲಿದ್ದಳು, ರಜೆಯ ದಿನ. ನನ್ನನ್ನು ಕಂಡು ಮುಖ ಅರಳಲಿಲ್ಲ, ಆದರೆ ಚಾಪೆ ಹಾಸಿ ಚಹಾಕ್ಕಿಟ್ಟಳು. ನಾನು ತಪ್ಪಾಯಿತೆಂದು ಹೇಳಲು ಬಂದಿದ್ದೆ. ಹೇಳಿದೆ. ಅವಳು ಒಲೆಯ ಕಡೆಗೇ ನೋಡುತ್ತ ಹೂಂ ಎಂದಳು.

ನಿಂಗಿ ಶಾಲೆಗೆ ಹೋಗುತ್ತಾಳೆ, ಎರಡನೆಯ ತರಗತಿ. ಮಾತು ಮರುವರ್ಷ ತಾನಾಗಿಯೇ ಬಂತಂತೆ. ಮರಾಠಿ ಕನ್ನಡ ಎರಡೂ ಪಟಪಟ, ಲೆಕ್ಕದಲ್ಲಿ ಜಾಣೆಯಂತೆ, ಮಾಸ್ತರರ ದೂರೇನೂ ಇಲ್ಲ. ಯಾವ ಹಾಳೆಯಲ್ಲಿ ಗೀಟು ಹಾಕಿದರೂ ಚೆನ್ನಾಗಿದ್ದಾಳೆ ಎಂದೇ ಬರುತ್ತದೆ. ಹೊರಗಿನಿಂದ ಓಡಿ ಬಂದವಳು ನನ್ನನ್ನು ನೋಡಿ ನಿಂತಳು. ಗುರುತು ಹತ್ತಿದ ಹಾಗೆ ಕಾಣಲಿಲ್ಲ.

“ನೀವು ಯಾವಾಗ ಹೋಗ್ತೀರಿ?” ಎಂದು ಕೇಳಿದಳು.

ಉದ್ಧಟತನವಲ್ಲ, ಹೆಸರು ಕೇಳುವ ಹಾಗೆ ಕೇಳಿದಳು. ಮನೆಗೆ ಯಾರು ಬಂದರೂ ಮೊದಲು ಇದನ್ನೇ ಕೇಳುತ್ತಾಳೆ, ಅಜ್ಜಿ ಬಂದಾಗಲೂ ಕೇಳಿದಳು ಎಂದು ಶರಣಮ್ಮ ಹೇಳಿದಳು. ನಾನು ಐದು ಗಂಟೆಗೆ ಎಂದೆ. ನಿಂಗಿ ಗೋಡೆಯ ಗಡಿಯಾರ ನೋಡಿದಳು. ಅಲ್ಲಿಂದ ಮೈ ಸಡಿಲವಾಯಿತು, ಪಕ್ಕದಲ್ಲಿ ಬಂದು ಕೂತು ತನ್ನ ಪಟ್ಟಿ ಪುಸ್ತಕಗಳನ್ನೆಲ್ಲ ಹರಡಿ ತೋರಿಸಿದಳು. ನಗುತ್ತಿದ್ದಳು. ನನಗೂ ಹೊತ್ತು ಹೋದದ್ದು ತಿಳಿಯಲಿಲ್ಲ. ಶರಣಮ್ಮ ಇನ್ನೊಂದು ಕಪ್ಪು ಚಹಾ ಕೊಟ್ಟಳು, ಆರು ಗಂಟೆಗೂ ಬಸ್ಸಿದೆಯಲ್ಲ ಎಂದಳು, ನಾನು ಇನ್ನೊಂದು ತಾಸು ಕೂತೇ ಹೋಗೋಣವೆಂದುಕೊಂಡೆ.

ಕಪ್ಪು ಕೆಳಗಿಟ್ಟು ನೋಡಿದರೆ ನಿಂಗಿ ಪಕ್ಕದಲ್ಲಿರಲಿಲ್ಲ. ಮೂಲೆಯಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಗಳನ್ನು ತಂದು, ಮೂತಿ ಹೊರಕ್ಕೆ ತಿರುಗಿಸಿ, ಹೊಸ್ತಿಲಾಚೆ ಜೋಡಿಸಿಟ್ಟು, ಬಾಗಿಲು ಹಿಡಿದು ನಿಂತಿದ್ದಳು. ಐದಾಗಲು ಇನ್ನೂ ಹತ್ತು ನಿಮಿಷವಿತ್ತು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.